ಅಕ್ಕ ಅಂಟಿಸಿದ ಟೇಪು

ನವೆಂಬರ್ ೧೨, ಬುಧವಾರ

ಅಕ್ಕ ಅನುವಾದಿಸುತ್ತಿರುವ ಕಾದಂಬರಿ ಇರುವುದು ಅವಳ ಕಂಪ್ಯೂಟರಿನಲ್ಲಿ ಮಾತ್ರ. ಬೆಳಿಗ್ಗೆಯಿಂದ ಅದು ಆನ್ ಆದ ಕೂಡಲೇ ಆಫ್ ಆಗುತ್ತಿತ್ತು. ಧೂಳು ತೆಗೆದೆ, ವೈರು ಬದಲಿಸಿದೆ, ಫ್ಯಾನು ನೋಡಿದೆ. ಕೊನೆಗೆ ಕಣ್ಣಿಗೆ ಬಿದ್ದದ್ದು ಆನ್ ಮಾಡುವ ಗುಂಡಿಯ ಮೇಲಿನ ಟೇಪು.

“ಯಾರು ಅಂಟಿಸಿದ್ದು?”

“ನಾನೇ ಕಣೋ. ಅಲ್ಲಾಡ್ತಿತ್ತು, ಗಟ್ಟಿಯಾಗಿರಲಿ ಅಂತ.”

“ಗಟ್ಟಿಯಾಗೇ ಇದೆ. ಒತ್ತಿದ್ಮೇಲೆ ಮೇಲಕ್ಕೇ ಬರ್ತಿಲ್ಲ. ಒತ್ತಿ ಹಿಡಿದ ಹಾಗಾಗಿ ಆಫ್ ಆಗ್ತಿದೆ.”

“ನನ್ನ ಅನುವಾದ ತಿದ್ದುವಾಗ ಒಂದೊಂದು ಅಲ್ಪವಿರಾಮಕ್ಕೂ ಜಗಳ ಆಡೋನು, ಇಷ್ಟು ದೊಡ್ಡ ಟೇಪು ಕಾಣೋಕೆ ಸಂಜೆ ಆಗ್ಬೇಕಾಯ್ತಾ?”

ಟೇಪು ಕಿತ್ತೆ. ಈ ಸಲ ಆಫ್ ಆಗಲಿಲ್ಲ. ಕಾದಂಬರಿ ಇದ್ದ ಹಾಗೇ ಇತ್ತು. ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿಕೊಂಡ ಮೇಲೆಯೇ ಅವಳಿಗೆ ಕುರ್ಚಿ ಬಿಟ್ಟುಕೊಟ್ಟೆ.

ಈಗ ಪಕ್ಕದ ಕೋಣೆಯಲ್ಲಿ ಅವಳು ಟೈಪ್ ಮಾಡುತ್ತಿರುವುದು ಕೇಳಿಸುತ್ತಿದೆ. ಎದೆಯ ಭಾರ ಇಳಿದಿದೆ. ಇನ್ನು ಮಲಗಬಹುದು, ಇಲ್ಲವೇ ಇನ್ನೊಂದು ಸ್ವಲ್ಪ ಹೊತ್ತು ಹೀಗೇ ಕೇಳುತ್ತಾ ಕೂರಬಹುದು.