ಸೇಲಂ ಸಭೆಯಲ್ಲಿ ನಾನು ಎದ್ದು ನಿಂತದ್ದು

ಮಾರಂಡಹಳ್ಳಿ
12-2-2025

ನನ್ನ ಮುದ್ದು ಮೇನಕಾ,

ಅಮ್ಮನ ಆಶೀರ್ವಾದಗಳು. ಶನಿವಾರ ಸಭೆ ಮುಗಿಯುತ್ತಲೇ ಬಸ್ಸು ಹತ್ತಿಬಿಟ್ಟೆ. ನೀನು ಮೂರು ಸಲ ಫೋನ್ ಮಾಡಿದರೂ ತೆಗೆಯಲಿಲ್ಲ. ಕೋಪವಲ್ಲ ಕಣವ್ವ, ಬಾಯಿ ಬರಲಿಲ್ಲ. ತಳಿ ಊರಿನ ಕನ್ನಡ ಶಾಲೆಯಲ್ಲಿ ಕಲಿತು ನಿನಗೂ ಕಲಿಸಿದ ಅಕ್ಷರದಲ್ಲೇ ಬರೆಯುತ್ತಿದ್ದೇನೆ.

ನಿನ್ನ ಯೂನಿವರ್ಸಿಟಿಯ ಅಪರಾಧ ಶಾಸ್ತ್ರದ ವಿಭಾಗದಲ್ಲಿ ಅಷ್ಟು ಜನ ಸೇರುತ್ತಾರೆಂದು ನಾನು ಎಣಿಸಿರಲಿಲ್ಲ. ಮುಂದಿನ ಸಾಲಿನಲ್ಲಿ ಪೊಲೀಸ್ ಅಧಿಕಾರಿಗಳು, ವಕೀಲರು. ಪೆನ್ನಾಗರಂ ಕಡೆಯ ಕನ್ನಡದವರು ಸ್ಟೇಷನ್ನಿನಲ್ಲಿ ಹೇಳಿದ್ದು ಒಂದು, ತಮಿಳಿನಲ್ಲಿ ಬರೆದುಕೊಂಡದ್ದು ಇನ್ನೊಂದು ಎಂದು ನೀನು ಒಂದೊಂದೇ ಹೇಳಿಕೆ ತೋರಿಸುತ್ತಾ ಹೋದೆ. ಇದಕ್ಕೇ ಮೂರು ವರ್ಷ ಊರೂರು ತಿರುಗಿದೆಯಾ! ಪಕ್ಕದ ಹೆಂಗಸು, "ಯಾರ್ ಪೊಣ್ಣು ಇದು?" ಎಂದು ತಮಿಳಿನಲ್ಲಿ ಕೇಳಿದಳು. "ಎನ್ ಪೊಣ್ಣು", ನನ್ನ ಮಗಳು ಎನ್ನುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

ಇಂಥದ್ದು ಯಾರಿಗಾದರೂ ಆಗಿದ್ದರೆ ಹೇಳಬಹುದು ಎಂದು ನೀನು ಕೇಳಿದಾಗ ನಾನು ಎದ್ದೆ. ಮೈಕಿನಲ್ಲಿ ಅಷ್ಟಿಷ್ಟು ಹೇಳಿದೆ. ಪೂರ್ತಿ ನಿನಗೆ ಇಲ್ಲಿ ಹೇಳುತ್ತೇನೆ.

ನಿನಗೆ ಆರು ವರ್ಷವಿದ್ದಾಗ ನಿಮ್ಮಪ್ಪ ತಿರುಪ್ಪೂರಿಗೆ ಕೆಲಸಕ್ಕೆ ಹೋಗಿದ್ದಾರೆ ಎಂದಿದ್ದೆನಲ್ಲ, ಅದು ಸುಳ್ಳು. ನಲವತ್ತು ದಿನ ಜೈಲಿನಲ್ಲಿದ್ದರು. ತರಕಾರಿ ಮಂಡಿಯ ನೂಕುನುಗ್ಗಲಲ್ಲಿ ಒಬ್ಬಾಕೆಯ ಸರ ಬಿದ್ದಿತ್ತು. ನಿಮ್ಮಪ್ಪ ಅದನ್ನು ತೆಗೆದು ಮನೆಯಲ್ಲಿಟ್ಟು, ಯಾರದೆಂದು ವಿಚಾರಿಸುತ್ತಿದ್ದರು. ಅಷ್ಟರಲ್ಲಿ ಪೊಲೀಸರು ಬಂದರು. ಸ್ಟೇಷನ್ನಿನಲ್ಲಿ ನನ್ನನ್ನು ಕೇಳಿದಾಗ, "ನಮ್ಮೋರು ಎತ್ತಿಕ್ಕವ್ರೆ ಸಾರ್, ಕೇಳ್ಕಂಡು ಬಂದ್ರೆ ಕೊಡಾನಾ ಅಂತ" ಎಂದೆ. ಜೋಪಾನವಾಗಿ ಇಟ್ಟಿದ್ದಾರೆ ಎಂದು ನಾನು ಹೇಳಿದ್ದು. ಎತ್ತಿಕೊಂಡು ಹೋದರು ಎಂದು ಪೊಲೀಸರು ತಮಿಳಿನಲ್ಲಿ ಬರೆದರು. ಓದಲು ಬಾರದ ಕಾಗದಕ್ಕೆ ನಾನು ಸಹಿ ಹಾಕಿದೆ. ಸರದ ಒಡತಿಗೆ ನಿಜ ತಿಳಿದು, ಆಕೆಯೇ ಬಂದು ಹೇಳಿದ ಮೇಲೆ ಕೇಸು ಬಿದ್ದುಹೋಯಿತು. ಅಂದಿನಿಂದ ನಾಲ್ಕು ಜನರ ನಡುವೆ ಬಾಯಿ ತೆರೆಯಲು ನನಗೆ ಹೆದರಿಕೆ.

ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ನೀನು ತಮಿಳಿನಲ್ಲಿ ಸಭೆಗೆ ತಿಳಿಸುತ್ತಿದ್ದೆ. "ಜೈಲಿಗೆ ಹೋದದ್ದು ನನ್ನ ಗಂಡ ಎಲ್ಲಪ್ಪ" ಎಂದಾಗ ನಿನ್ನ ದನಿ ನಿಂತುಹೋಯಿತು. ನೀನು ಅಳುತ್ತೀಯೆಂದುಕೊಂಡೆ. ನೀರು ಕುಡಿದು, ನಾನು ಹೇಳಿದ್ದರಲ್ಲಿ ಒಂದು ಪದವನ್ನೂ ಬಿಡದೆ ತಿಳಿಸಿದೆ. ನನ್ನ ಮಾತು ಅಧಿಕಾರಿಗಳಿಗೆ ಸರಿಯಾಗಿ ತಲುಪಿದ್ದು ಅವತ್ತೇ ಮೊದಲು, ಅದೂ ನನ್ನ ಮಗಳ ಬಾಯಿಂದ. ಮುಂದೆ ಕೂತಿದ್ದ ಇನ್ಸ್‌ಪೆಕ್ಟರಮ್ಮ ಎದ್ದು ಬಂದು, ತನ್ನ ಸ್ಟೇಷನ್ನಿಗೆ ಕನ್ನಡ ಬಲ್ಲವರನ್ನು ಕರೆಸಿಕೊಳ್ಳುತ್ತೇನೆ ಎಂದು ನನ್ನ ಕೈ ಹಿಡಿದರು.

ನಿನ್ನಿಂದ ಮುಚ್ಚಿಟ್ಟದ್ದಕ್ಕೆ ಬೈಯಬೇಕೆನಿಸಿದರೆ ಬೈದುಬಿಡು. ನಿನ್ನ ವರದಿಯಲ್ಲಿ ನನ್ನ ಹೆಸರು ಮರೆಮಾಡಬೇಡ.

ನಿನ್ನ ಅಮ್ಮ,
ಮುತ್ಯಾಲಮ್ಮ

ಮ.ವಿ.: ಸಭೆಯಲ್ಲಿ ಹೇಳಿದ್ದನ್ನೆಲ್ಲ ನಿಮ್ಮಪ್ಪನಿಗೆ ಹೇಳಿದೆ. ಅದಕ್ಕೆ ಅವರು, "ಎತ್ತಿಕ್ಕವ್ರೆ ಅಂತಲೇ ಏಳಿದ್ದಾ ನೀನು? ಪೊಲೀಸಿಗೆ ಬೆದರಿ ನನ್ ಮ್ಯಾಲೆ ಏಳ್ಬಿಟ್ಟೆ ಅನ್ಕಂಡಿದ್ನಲ್ಲೇ" ಎಂದರು. ಇಷ್ಟು ವರ್ಷ ಹಾಗೆಂದುಕೊಂಡೇ ನನ್ನ ಜೊತೆ ಬಾಳಿದರು ಕಣವ್ವ, ಒಂದು ದಿನವೂ ಕೇಳಲಿಲ್ಲ.