ಧಾರಾವಾಹಿಯ ಅತ್ತೆಗೆ ಮೀಸೆ

ವಿಶ್ರಾಮಬಾಗ, ಸಾಂಗಲಿ
ಗುರುವಾರ, ೧೨ ಜೂನ್ ೨೦೨೫

ಪ್ರೀತಿಯ ಅಜ್ಜಿ ಗುರುಶಾಂತವ್ವನವರ ಪಾದಗಳಿಗೆ, ತಾವು ಬಿಟ್ಟುಹೋದ ಮೊಮ್ಮಗ ಅಭಿಜಿತನ ಸಾಷ್ಟಾಂಗ ನಮಸ್ಕಾರಗಳು.

ಕಣ್ಣು ಹೇಗಿದೆ? ಔಷಧದ ಹನಿ ಹೊತ್ತಿಗೆ ಸರಿಯಾಗಿ ಬೀಳುತ್ತಿದೆಯೇ? ಹಾಕುವವನು ಗುರುಬಸಪ್ಪ ಕಾಕಾನ ಮಗ ಓಂಕಾರನಾದರೆ ಮೊದಲು ಅವನ ಕೈ ತೊಳೆಸಿರಿ. ಬಾಕಿ ಏನೂ ಹೇಳಲಾರೆ, ಅವನು ನನ್ನ ತಮ್ಮ. ಇಲ್ಲಿ ಅಪ್ಪ ಅವ್ವ ಕ್ಷೇಮ. ನಿಮ್ಮ ಕುರ್ಚಿಯೂ ಕ್ಷೇಮ. ಬೇರೆ ಯಾರೂ ಕೂರದಂತೆ ಅದರ ಮೇಲೆ ಇಸ್ತ್ರಿ ಬಟ್ಟೆ ಒಟ್ಟಿದ್ದೇನೆ. ನೀವಿರುವ ಕಾಕಾನ ಮೀರಜ ಇಷ್ಟು ಹತ್ತಿರವಿದ್ದು ಪತ್ರವೇಕೆ ಎನ್ನುವಿರಿ. ಅಲ್ಲಿ ನಿಮ್ಮ ಫೋನು ಎತ್ತುವವನೂ ಓಂಕಾರ, ಸ್ಪೀಕರಿಗೆ ಹಾಕುವವನೂ ಓಂಕಾರ. ಅವನಿಗೆ ಕನ್ನಡ ಮಾತು ತಿಳಿಯುತ್ತದೆ, ಅಕ್ಷರ ತಿಳಿಯದು. ಮರಾಠಿ ಶಾಲೆಯ ನನಗೂ ತಿಳಿಯುತ್ತಿರಲಿಲ್ಲ. ರಜೆಯಲ್ಲಿ ನೀವು ಪಾಟಿ ಹಿಡಿಸಿ, ಕೈ ಹಿಡಿದು ತಿದ್ದಿಸಿದಿರಿ. ಹೀಗಾಗಿ ಈ ಪತ್ರ ಮಡಚದೆ ಕಳಿಸಿದರೂ ಭದ್ರ. ಅವ್ವನ ಶೇಂಗಾ ಚಟ್ನಿಯ ಡಬ್ಬಿಯ ಜೊತೆ ನಾಳೆ ಅಪ್ಪ ತರುತ್ತಾರೆ.

ಈಗ ನನ್ನ ಅಹವಾಲು. ಪಡಸಾಲೆಯ ಟಿ.ವಿ. ಹಳೆಯದು, ಅದಕ್ಕೆ ಸ್ವಂತ ಬುದ್ಧಿಯಿಲ್ಲ. ಆದ್ದರಿಂದ ಅಪ್ಪನ ಅಂಗಡಿಯ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ವೈರು ಜೋಡಿಸಿ, ನಿಮ್ಮ ಧಾರಾವಾಹಿ ಬರುವ ಹಾಗೆ ಮಾಡಿದವನು ನಾನು. ಲಿನಕ್ಸ್ ಎಂದರೆ ಯಾರು ಬೇಕಾದರೂ ಒಳಗೆ ಬಿಚ್ಚಿ ನೋಡಬಹುದಾದ, ತಿದ್ದಬಹುದಾದ ವ್ಯವಸ್ಥೆ. ಧಾರಾವಾಹಿ ಕಳಿಸುವ ಕಂಪನಿಗೆ ಅದೇ ಹೆದರಿಕೆ. ಯಾರಾದರೂ ನಕಲು ಮಾಡಿಕೊಂಡಾರೆಂದು ಚೊಕ್ಕ ಚಿತ್ರಕ್ಕೆ ಬೀಗ ಹಾಕಿ ಕಳಿಸುತ್ತದೆ. ಬೀಗದ ಕೈಯನ್ನು ಮಾತ್ರ ಓಂಕಾರನ ಹೊಸ ಟಿ.ವಿ.ಯಂಥ, ಒಳಗೆ ಯಾರೂ ಇಣುಕಲಾರದ ಪೆಟ್ಟಿಗೆಗಳಿಗೆ ಕೊಡುತ್ತದೆ. ಅದರ ಲೆಕ್ಕದಲ್ಲಿ ಬಾಗಿಲು ತೆರೆದಿಟ್ಟ ಮನೆಯವರೇ ಕಳ್ಳರು. ಚಂದಾ ಇಬ್ಬರದೂ ಒಂದೇ; ಅವನಿಗೆ ಗಾಜಿನಂಥ ಚಿತ್ರ, ನಮಗೆ ಗಂಜಿಯಂಥದು.

ಆದರೂ ನಮಗೇನು ಕೊರತೆಯಿತ್ತು? ನಿಮ್ಮ ಕಣ್ಣಿನ ಪೊರೆಗೂ ಆ ಮಸುಕಿಗೂ ಜಾತಕ ಕೂಡಿತ್ತು. ಪಕ್ಕದಲ್ಲಿ ಕೂತು ನಾನು ಹೇಳಿದ್ದೇ ನಿಮಗೆ ಚಿತ್ರ. ಧಾರಾವಾಹಿಯ ಅತ್ತೆಗೆ ಸಣ್ಣ ಮೀಸೆ ಇದೆ ಎಂದೆ. ಅವಳು ಸೊಸೆಗೆ ಬೈದಾಗಲೆಲ್ಲ ನೀವು ‘ಮೀಸಿ ಕುಣಿಯಾಕತ್ತೈತೇನೋ?’ ಎಂದು ಕೇಳುತ್ತಿದ್ದಿರಿ. ನಾನು ಗಂಭೀರವಾಗಿ, ಎಡಗಡೆ ಮಾತ್ರ, ಎನ್ನುತ್ತಿದ್ದೆ.

ಆಮೇಲೆ ಕಾಕಾ ಮೀರಜದ ದವಾಖಾನೆಯಲ್ಲಿ ನಿಮ್ಮ ಪೊರೆ ತೆಗೆಸಿದರು. ಮನೆಗೆ ಬಂದ ಸಂಜೆಯೇ ನೀವು ಕುರ್ಚಿಯಲ್ಲಿ ಕೂತು ಟಿ.ವಿ. ನೋಡಿ ಮುಖ ಸಣ್ಣದು ಮಾಡಿದಿರಿ. ‘ಅಭ್ಯಾ, ಮತ್ತ ಮಂಜ ಆಗೇತಿ. ಆಪರೇಶನ್ ಕೆಟ್ಟತು.’ ಅಜ್ಜಿ, ಕಣ್ಣಲ್ಲ, ಇದು ಕಂಪನಿಯವರ ಕೆಲಸ ಎಂದು ಎಷ್ಟು ಹೇಳಿದೆ. ‘ನನ್ನ ಕಣ್ಣಾಗ ಕಂಪನಿಯವರು ಯಾಕ ಬರ್ತಾರೋ, ಮೊದಲ ಗಾಡಿ ತಗಿ’ ಎಂದಿರಿ. ಅಪ್ಪ ನಿಮ್ಮನ್ನು ಮತ್ತೆ ಮೀರಜಕ್ಕೆ ಒಯ್ದರು. ಕಣ್ಣು ಚೊಕ್ಕವಾಗಿದೆ ಎಂದರು ಡಾಕ್ಟರು. ಕಾಕಾನ ಮನೆಯಲ್ಲಿ ಚಹಾಕ್ಕೆಂದು ಕೂತಿರಿ, ಓಂಕಾರ ಟಿ.ವಿ. ಹಚ್ಚಿದ, ಅತ್ತೆಯ ಸೀರೆಯ ಅಂಚಿನ ಜರಿ ಸಹ ಕಂಡಿತು. ಅಂದಿನಿಂದ ನಿಮ್ಮ ಬ್ಯಾಗು ಅಲ್ಲಿಯೇ.

ಅವನು ಮಾಡಿದ್ದಾದರೂ ಏನು? ರಿಮೋಟು ಒತ್ತಿದ. ಅಷ್ಟಕ್ಕೆ ಮೊನ್ನೆ ನಿಮ್ಮ ಜೊತೆ ಫೋಟೊ ತೆಗೆದು ಮನೆಯವರ ಗ್ರೂಪಿಗೆ ಹಾಕಿದ. ನೀವು ನಗುತ್ತಿದ್ದೀರಿ. ದೊಡ್ಡದು ಮಾಡಿ ಮಾಡಿ ನೋಡಿದೆ, ನಗು ಖರೇನೇ ಇದೆ. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ. ಒಂದೇ ಸಮಾಧಾನವೆಂದರೆ ಫೋನಿನಲ್ಲಿ ನೀವು ಬೈದದ್ದು: ‘ಖೋಡಿ, ಎಲ್ಲೈತೋ ಮೀಸಿ? ಮೀಸಿ ಇಲ್ದ ಅಕಿ ಭಾಳ ಸಪ್ಪಗ ಕಾಣತಾಳ.’ ಆ ಮಾತನ್ನೇ ಆಧಾರವಾಗಿಟ್ಟುಕೊಂಡು, ಬರುವ ಭಾನುವಾರ ತಾವು ಸ್ವಸ್ಥಾನಕ್ಕೆ ಮರಳಬೇಕೆಂದು ವಿನಂತಿಸುತ್ತೇನೆ. ಹೊಸ ಟಿ.ವಿ. ತರೋಣವೆಂದು ಅಪ್ಪ ಅಂದರು. ತತ್ವದ ಪ್ರಶ್ನೆ, ಬೇಡವೆಂದಿದ್ದೇನೆ.

ಕಾಕಾ ಕಾಕೂಗೆ ನಮಸ್ಕಾರ. ಓಂಕಾರನಿಗೆ, ಉಳಿದರೆ, ಆಶೀರ್ವಾದ.

ನಿಮ್ಮ ಹಿರಿಯ, ಮೊದಲಿನ ಮೊಮ್ಮಗ,
ಅಭಿಜಿತ

ತಾ.ಕ.: ಡಬ್ಬಿ ಕಟ್ಟುತ್ತ ಅವ್ವ ಈಗಷ್ಟೇ ಹೇಳಿದಳು: ‘ಓಂಕಾರ ದಿನಾ ಮುಂಜಾನೆ ಅಜ್ಜಿ ಮುಂದ ಪಾಟಿ ಹಿಡಕೊಂಡು ಕುಂದರತಾನಂತ. ಅ ಆ ಮುಗಿಸ್ಯಾನಂತ.’ ಅಜ್ಜಿ, ತತ್ವ ಹಾಳಾಗಲಿ, ನಾಳೆಯೇ ಅಪ್ಪನ ಜೊತೆ ಹೋಗಿ ಆ ಮುಚ್ಚಿದ ಪೆಟ್ಟಿಗೆಯನ್ನೇ ತರುತ್ತೇನೆ. ಟಿ.ವಿ., ಫೋಟೊ, ಚಟ್ನಿ ಎಲ್ಲ ಅವನಿಗಿರಲಿ. ಪಾಟಿ ಒಂದನ್ನು ಕಸಿದುಕೊಳ್ಳಿರಿ. ಕೈ ಹಿಡಿದು ತಿದ್ದಿಸುತ್ತೀರೋ? ಅದನ್ನಾದರೂ ಬಿಡಿರಿ. ಓಂಕಾರ, ಇಷ್ಟರಲ್ಲೇ ಓದಲು ಬಂದು ಇದನ್ನು ನೀನೇ ಅಜ್ಜಿಗೆ ಓದಿ ಹೇಳುತ್ತಿದ್ದರೆ, ಕೈ ತೊಳೆಯುವ ಮಾತು ಹಾಗೆಯೇ ಇರಲಿ. ಭಾನುವಾರ ಅವರನ್ನು ಕರೆದುಕೊಂಡು ಬಾ. ನಿನಗೂ ಜಾಗ ಇದೆ. ಅಜ್ಜಿಯ ಪಕ್ಕದಲ್ಲಿ ಅಲ್ಲ.