ಅಪ್ಪ ಬಡಿದ ಕಲ್ಲು

ಶಹಾಬಾದ, ನವೆಂಬರ್ ೧೨, ಬುಧವಾರ

ನೊಣವೂ ಸುಳಿಯದಿದ್ದ ನಮ್ಮ ಪರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ, ವ್ಯಾಪಾರದ ವೆಬ್‌ಸೈಟಿಗೆ ಈಗ ಜನವೋ ಜನ. ಎಲ್ಲರೂ ಬರುವುದು ನನ್ನ ಮಗಳು ಅಂಬಿಕಾ ಅದರಲ್ಲಿ ಹಾಕಿದ ನನ್ನ ಅಪ್ಪನ ವಿಡಿಯೊ ನೋಡಲು. ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು, ಖಣ್ ಎನ್ನದ ಕಲ್ಲನ್ನು ಒಳಗೆ ಬಿರುಕಿದೆಯೆಂದು ಬದಿಗಿಡುವ ಅಪ್ಪ.

ಇವತ್ತು ಚಿಂಚೋಳಿಯಿಂದ ಯಾರೋ ಫೋನು ಮಾಡಿದರು. "ಮನಿ ಕಟ್ಟಾಕತ್ತೀವ್ರಿ. ಆ ಮುತ್ಯಾ ಬಡಿದು ನೋಡಿದ ಕಲ್ಲೇ ಬೇಕ್ರಿ."

ಅಪ್ಪ ತೀರಿಕೊಂಡಿದ್ದಾನೆ ಎನ್ನಲು ಬಾಯಿ ಬರಲಿಲ್ಲ. "ಆಯ್ತ್ರಿ, ಅವರಿಗೇ ಹೇಳ್ತೀನಿ" ಎಂದುಬಿಟ್ಟೆ.

ಸಂಜೆ ನಾನೇ ಬಡಿದು ನೋಡಿದೆ. ನನಗೆ ಎಲ್ಲ ಕಲ್ಲೂ ಒಂದೇ ಸದ್ದು. ಕಲಿಯೋಣವೆಂದು ಅದೇ ವಿಡಿಯೊ ಹಾಕಿಕೊಂಡು ನೋಡಿದೆ. ಕೊನೆಯಲ್ಲಿ ಅಪ್ಪ ತಲೆಯೆತ್ತಿ, ಅದನ್ನು ತೆಗೆಯುತ್ತಿದ್ದ ನನ್ನನ್ನೇ ಕೇಳುತ್ತಾನೆ: "ಕೇಳಿಸ್ತೇನಪಾ, ಸಾಯಬಣ್ಣ?"

ವಿಡಿಯೊ ಅಲ್ಲಿಗೇ ಮುಗಿಯುತ್ತದೆ. ಈಗ ಊರೂರಲ್ಲಿ, ಯಾರ್ಯಾರದೋ ಫೋನಿನಲ್ಲಿ, ಅಪ್ಪ ಅದನ್ನೇ ಕೇಳುತ್ತಿದ್ದಾನೆ.